ಹಾಡು ಎಲ್ಲರದು, ಧ್ವನಿಮುದ್ರಿಕೆ ಯಾರದು?

ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಭಜನಾ ಮೇಳಗಳಿಗೆ ಶಿಶುನಾಳ ಶರೀಫರ ತತ್ವಪದಗಳು ಹೊಸತಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ ಪದ ಕೇಳದ ಭಕ್ತರಿಲ್ಲ. ಇವು ಯಾರೊಬ್ಬರ ಆಸ್ತಿಯೂ ಅಲ್ಲ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳನ್ನು ಇಂದು ಯಾರು ಬೇಕಾದರೂ ಹಾಡಬಹುದು.

ಆದರೆ ಅದೇ ಪದ ಕ್ಯಾಸೆಟ್ಟಿಗೋ ಸಿ.ಡಿ.ಗೋ ಏರಿತೆಂದರೆ ಅದಕ್ಕೊಬ್ಬ ಒಡೆಯ ಹುಟ್ಟಿಕೊಳ್ಳುತ್ತಾನೆ. ನಮ್ಮ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಸಾಮಾನ್ಯವಾಗಿ ಅದರ ನಿರ್ಮಾಪಕನದು. ಅದು 60 ವರ್ಷ ಬಾಳುತ್ತದೆ. ಒಮ್ಮೆ ಸಂಭಾವನೆ ಪಡೆದು ಮನೆಗೆ ಹೋದ ಗಾಯಕನಿಗೆ ಆಮೇಲೆ ಎಷ್ಟು ಪ್ರತಿ ಮಾರಾಟವಾದವು ಎಂಬ ಲೆಕ್ಕವೂ ಸಿಗದಿರಬಹುದು.

ಈ ತೊಡಕಿಗೆ ಕಲಾವಿದರೇ ಕಂಡುಕೊಂಡ ದಾರಿಯೆಂದರೆ ಸ್ವಂತ ಕಂಪನಿ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1974ರಲ್ಲಿ 'ಡಾರ್ಕ್ ಹಾರ್ಸ್' ಸ್ಥಾಪಿಸಿದರು. ಅದೇ ವರ್ಷ ಆ ಕಂಪನಿ ಪಂಡಿತ ರವಿಶಂಕರ್ ಅವರ ಧ್ವನಿಮುದ್ರಿಕೆಯನ್ನೂ ಹೊರತಂದಿತು. ತಬಲಾ ಮಾಂತ್ರಿಕ ಜಾಕಿರ್ ಹುಸೇನರು 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ 'ಮೊಮೆಂಟ್ ರೆಕಾರ್ಡ್ಸ್' ಕಟ್ಟಿದರು.

ಕನ್ನಡಕ್ಕೂ ಇದರ ಫಲ ದೊರೆತಿದೆ. ಮೈಸೂರಿನಲ್ಲಿ ಬೆಳೆದ, ಸೂಕ್ಷ್ಮಜೀವಿಶಾಸ್ತ್ರ ಓದಿದ ರಘು ದೀಕ್ಷಿತ್ ಹಲವು ವರ್ಷ ಧ್ವನಿಮುದ್ರಣ ಕಂಪನಿಗಳ ಬಾಗಿಲು ತಟ್ಟಿದರು. ಯಾವುದೂ ತೆರೆಯಲಿಲ್ಲ. ಕೊನೆಗೆ ಕೈಹಿಡಿದವರು ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್ ದದ್ಲಾನಿ ಮತ್ತು ಶೇಖರ್ ರವ್‌ಜಿಯಾನಿ. ಈ ಇಬ್ಬರು ಕಲಾವಿದರು ತಮ್ಮದೇ ಕಂಪನಿಯಿಂದ 2008ರಲ್ಲಿ ರಘು ಅವರ ಮೊದಲ ಆಲ್ಬಂ ಹೊರತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶರೀಫರ ಗುಡುಗುಡಿಯ ಪದವೂ ಇತ್ತು! 2010ರಲ್ಲಿ ರಘು ತಂಡ ಬ್ರಿಟನ್ನಿನ ಬಿ.ಬಿ.ಸಿ. ದೂರದರ್ಶನದಲ್ಲೂ ಹಾಡಿತು. ಹಾಡಿನ ಬೆಲೆ ಬಲ್ಲವರ ಕೈಯಲ್ಲಿ ಕಂಪನಿ ಇದ್ದರೆ ಏನಾಗಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಹಾಗೆಂದು ಸ್ವಂತ ಕಂಪನಿ ಹೂವಿನ ಹಾಸಿಗೆಯಲ್ಲ. ಸ್ಟುಡಿಯೋ ಬಾಡಿಗೆ, ವಾದ್ಯಗಾರರ ಸಂಭಾವನೆ, ಪ್ರಚಾರ ಎಲ್ಲದರ ಹೊರೆಯೂ ಕಲಾವಿದನ ಹೆಗಲಿಗೇ ಬೀಳುತ್ತದೆ. ಹಾಡು ಓಡದಿದ್ದರೆ ನಷ್ಟವೂ ಅವನದೇ.

ಈಗ ಹಳ್ಳಿಯ ಹುಡುಗಿಯೂ ಮೊಬೈಲಿನಲ್ಲಿ ಹಾಡು ಮುದ್ರಿಸಿ ಜಗತ್ತಿಗೆ ಕೇಳಿಸಬಲ್ಲಳು. ಒಳ್ಳೆಯ ಕಂಠದ ಮಕ್ಕಳನ್ನು ಹುಡುಕಿಕೊಂಡು ಬರುವವರೂ ಇದ್ದಾರೆ. ಆಗ ಪಾಲಕರು ಮೊದಲು ಕೇಳಬೇಕಾದದ್ದು 'ಎಷ್ಟು ಕೊಡುತ್ತೀರಿ?' ಎಂದಲ್ಲ, 'ಮುದ್ರಿಕೆಯ ಹಕ್ಕು ಯಾರದು, ಎಷ್ಟು ವರ್ಷಕ್ಕೆ, ಬಂದ ಆದಾಯದಲ್ಲಿ ಮಗುವಿನ ಪಾಲೆಷ್ಟು?' ಎಂದು. ಪ್ರದರ್ಶನವನ್ನು ವಾಣಿಜ್ಯಕ್ಕೆ ಬಳಸಿದರೆ ಕಲಾವಿದರಿಗೆ ಗೌರವಧನ ಸಲ್ಲಬೇಕೆಂದು 2012ರ ಕಾಯ್ದೆ ತಿದ್ದುಪಡಿ ಹೇಳುತ್ತದೆ. ಉತ್ತರ ಕಾಗದದ ಮೇಲೆ ಬರಲಿ. ಓದಿ ತಿಳಿದ ಮೇಲಷ್ಟೇ ಸಹಿ ಬೀಳಲಿ.