ಧ್ರುವಪ್ರಭೆಯ ಕ್ಷೋಭೆ ನಮ್ಮದೂ ಹೌದು

2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ವೀಕ್ಷಣಾಲಯದ ಕ್ಯಾಮೆರಾಗಳು ದಿಗಂತದ ಕೆಂಪು ಪ್ರಭೆಯನ್ನು ಸೆರೆಹಿಡಿದವು. ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಎರಡು ದಿನ ಬೆರಗುಪಟ್ಟು ಮರೆತೆವು. ಸೌರಬಿರುಗಾಳಿ ಬಂತು, ಹೋಯಿತು ಎಂಬಷ್ಟಕ್ಕೇ ನಮ್ಮ ಕುತೂಹಲ ತಣಿದದ್ದು ನನಗೆ ಬೇಸರದ ಸಂಗತಿ. ಧ್ರುವಪ್ರಭೆಯ ಬಿಡಿಸಲಾಗದ ಗಂಟುಗಳಲ್ಲಿ ಹಲವು ಇರುವುದು ಸೂರ್ಯನಲ್ಲಲ್ಲ, ನಮ್ಮ ತಲೆಯ ಮೇಲೆ ಸುಮಾರು ನೂರು ಕಿಲೋಮೀಟರ್ ಎತ್ತರದ ಅಯಾನುಗೋಳದಲ್ಲಿ.

ನಾರ್ವೆಯ ಟ್ರೊಮ್ಸೋದಂತಹ ಊರುಗಳಲ್ಲಿ ಪ್ರಭೆ ಹಸಿರು ಪರದೆಯಾಗಿ ಇಳಿಬೀಳುತ್ತದೆ. ಅಕ್ಕಪಕ್ಕದ ಪ್ಲಾಸ್ಮಾ ಎದುರುಬದುರು ದಿಕ್ಕಿನಲ್ಲಿ ಹರಿಯುವುದರಿಂದ ಪರದೆ ಸುರುಳಿ ಸುತ್ತುತ್ತದೆ. ಕೆಲವೊಮ್ಮೆ ಅದರುದ್ದಕ್ಕೂ ಪೋಣಿಸಿದ ಮಣಿಗಳಂತೆ ಬೆಳಕು ಮೂಡಿ, ನಿಮಿಷಗಳಲ್ಲೇ ಆಕಾಶವೆಲ್ಲ ಭುಗಿಲೇಳುತ್ತದೆ. ಈ ಅಚ್ಚುಕಟ್ಟಿನ ಒಡಲಲ್ಲಿ ಇರುವುದು ಗದ್ದಲ. ಎಲೆಕ್ಟ್ರಾನುಗಳು ಧಾವಿಸುತ್ತವೆ, ಭಾರವಾದ ಅಯಾನುಗಳು ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆಯುತ್ತ ಹಿಂದುಳಿಯುತ್ತವೆ. ಇವುಗಳ ವೇಗದ ಅಂತರ ಸೆಕೆಂಡಿಗೆ ಸುಮಾರು 400 ಮೀಟರ್ ಮೀರಿತೆಂದರೆ ಮೀಟರ್ ಗಾತ್ರದ ಅಲೆಗಳೇಳುತ್ತವೆ. ಅಲೆಗಳು ಎಲೆಕ್ಟ್ರಾನುಗಳನ್ನು ಕಾಯಿಸುತ್ತವೆ, ಪ್ಲಾಸ್ಮಾದ ವಾಹಕತೆ ಬದಲಾಗುತ್ತದೆ, ಆಗ ಅಲೆಗಳನ್ನೆಬ್ಬಿಸಿದ ವಿದ್ಯುತ್ ಪ್ರವಾಹವೇ ಬೇರೆ ಹಾದಿ ಹಿಡಿಯುತ್ತದೆ. ಕಡೆಗೋಲಿನ ಗಲಭೆಯಲ್ಲೇ ಬೆಣ್ಣೆ ಒಟ್ಟುಗೂಡುವ ಹಾಗೆ! ವಿಜ್ಞಾನಿಗಳು ಇಂಥದ್ದನ್ನು ಸ್ವಯಂಸಂಘಟನೆ ಎನ್ನುತ್ತಾರೆ. ಈ ಪುಟ್ಟ ಅಲೆಗಳನ್ನು ಕಡೆಗಣಿಸಿದ ಕಂಪ್ಯೂಟರ್ ಮಾದರಿಗಳು ಬಿರುಗಾಳಿಯ ಲೆಕ್ಕವನ್ನೇ ತಪ್ಪುತ್ತವೆ.

ಇದು ಯಾರದೋ ಆಕಾಶದ ಮಾತು ಎನ್ನುವಂತಿಲ್ಲ. ಡೊನಾಲ್ಡ್ ಫಾರ್ಲೆ ಮತ್ತು ಆಸ್ಕರ್ ಬುನೆಮನ್ 1963ರಲ್ಲಿ ಬೇರೆಬೇರೆಯಾಗಿ ಈ ಅಸ್ಥಿರತೆಯನ್ನು ವಿವರಿಸಿದರು. ಅದು ಧ್ರುವಪ್ರಭೆಯಲ್ಲಷ್ಟೇ ಅಲ್ಲ, ಕಾಂತೀಯ ಸಮಭಾಜಕದ ಮೇಲೆ ಹಗಲು ಹರಿಯುವ ವಿದ್ಯುತ್ ಹೊನಲಿನಲ್ಲೂ ಉಂಟು. ಆ ರೇಖೆ ದಕ್ಷಿಣ ಭಾರತದ ತುದಿಯನ್ನು ಹಾದುಹೋಗುತ್ತದೆ. ಕೇರಳದ ತುಂಬಾದಿಂದ ಅದೇ ವರ್ಷದ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿದ್ದೂ ಈ ಕಾರಣಕ್ಕೇ. ಮುಂದೆ ವಿಮಾನಗಳಿಗೆ ದಾರಿ ತೋರುವ 'ಗಗನ್' ವ್ಯವಸ್ಥೆಗಾಗಿ ಇಸ್ರೋ ನಮ್ಮ ಅಯಾನುಗೋಳಕ್ಕೆಂದೇ ಪ್ರತ್ಯೇಕ ಮಾದರಿ ಹೊಸೆಯಬೇಕಾಯಿತು.

2023ರಲ್ಲಿ ಹಾರಿದ ಆದಿತ್ಯ-ಎಲ್1ರ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಮಳೆಮೋಡ ಕಂಡಮಾತ್ರಕ್ಕೆ ಯಾವ ಕೇರಿಗೆ ನೀರು ನುಗ್ಗುವುದೆಂದು ತಿಳಿಯದು. ಅದಕ್ಕೆ ನೆಲದ ಮೇಲಿನ ರಾಡಾರು, ಕಾಂತಮಾಪಕಗಳು ಬೇಕು. ಸುದ್ದಿಯಾಗದ, ವರ್ಷಗಟ್ಟಲೆ ನಡೆಯುವ ದಾಖಲಾತಿ ಬೇಕು. ಫಲವನ್ನು ಮುಂದಿನ ಬಜೆಟ್ಟಿನೊಳಗೆ ಕೇಳುವವರು ನಾರ್ವೆಯ ಕ್ರಿಸ್ಟಿಯಾನ್ ಬಿರ್ಕೆಲಾಂಡರ ಕಥೆ ಕೇಳಬೇಕು. ಕಾಂತರೇಖೆಗಳ ಗುಂಟ ವಿದ್ಯುತ್ ಇಳಿಯುತ್ತದೆಂದು ಅವರು ಶತಮಾನದ ಹಿಂದೆಯೇ ವಾದಿಸಿದಾಗ ಹಲವರು ಒಪ್ಪಲಿಲ್ಲ. 1917ರಲ್ಲಿ ಅವರು ತೀರಿಕೊಂಡರು. ಉಪಗ್ರಹಕ್ಕೆ ಆ ಪ್ರವಾಹದ ಸುಳಿವು ಸಿಕ್ಕಿದ್ದು 1960ರ ದಶಕದಲ್ಲಿ.

ಅಂಟಾರ್ಕ್ಟಿಕಾದಲ್ಲಿ ನಮ್ಮವೇ ಆದ ಮೈತ್ರಿ, ಭಾರತಿ ನೆಲೆಗಳಿವೆ. ಅಲ್ಲಿನ ಚಳಿಗಾಲದ ಇರುಳುಗಳಲ್ಲಿ ಪ್ರಭೆ ಕಾಣಲು ಹಾನ್ಲೆಯಂತೆ ಮಹಾಬಿರುಗಾಳಿಗೆ ಕಾಯಬೇಕಿಲ್ಲ.