ಗಣಕಯಂತ್ರಕ್ಕಿಂತ ಮೊದಲು ಗ್ರಂಥಸೂಚಿ



ಗ್ರಂಥಾಲಯಕ್ಕೆ ಗಣಕಯಂತ್ರ ಬಂದಿತೆಂದರೆ ಬೇಕಾದ ಗ್ರಂಥ ತಾನಾಗಿಯೇ ಕೈಗೆ ಸಿಗುವುದೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ವಾಸ್ತವ ಹಾಗಿಲ್ಲ. ಯಂತ್ರವು ತನಗೆ ಬರೆದು ಕೊಟ್ಟುದನ್ನು ಮಾತ್ರ ಹುಡುಕಬಲ್ಲುದು. ಸೂಚಿಯಲ್ಲಿ ಸೇರದೆ ಉಳಿದ ಗ್ರಂಥವು ಕಪಾಟಿನಲ್ಲಿದ್ದೂ ಇಲ್ಲದಂತೆಯೇ ಸರಿ.

ಹಳೆಯ ಗ್ರಂಥಾಲಯಗಳ ವಹಿಗಳನ್ನೂ ಸೂಚಿಪತ್ರಗಳನ್ನೂ ಹಲವು ಕೈಗಳು ಹಲವು ಕಾಲದಲ್ಲಿ ಬರೆದಿವೆ. ವಚನ ಪಿತಾಮಹರ ಹೆಸರು ಒಂದೆಡೆ 'ಫ.ಗು. ಹಳಕಟ್ಟಿ' ಎಂದೂ, ಇನ್ನೊಂದೆಡೆ 'ಹಳಕಟ್ಟಿ ಫ.ಗು.' ಎಂದೂ, ಮತ್ತೊಂದೆಡೆ 'ಫಕೀರಪ್ಪ ಗುರುಬಸಪ್ಪ ಹಳಕಟ್ಟಿ' ಎಂದೂ ಇರಬಹುದು. ಬಲ್ಲ ಗ್ರಂಥಪಾಲಕರಿಗೆ ಇವರು ಒಬ್ಬರೇ, ಯಂತ್ರಕ್ಕೆ ಮೂವರು! ಆದುದರಿಂದ ಎಲ್ಲ ರೂಪಗಳನ್ನೂ ಒಂದೇ ಅಧಿಕೃತ ಹೆಸರಿಗೆ ಜೋಡಿಸಬೇಕಾಗುತ್ತದೆ. ಈ ಕೆಲಸಕ್ಕೆ ಯಂತ್ರದ ವೇಗಕ್ಕಿಂತ ಬಲ್ಲವರ ತಾಳ್ಮೆಯೇ ಮುಖ್ಯ.

ಲಿಪಿಯದು ಮತ್ತೊಂದು ತೊಡಕು. ೧೯೯೧ರಲ್ಲಿ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತರೂ, ಆಮೇಲೆಯೂ ಬಹುಕಾಲ ಬೇರೆ ಬೇರೆ ತಂತ್ರಾಂಶಗಳು ತಮ್ಮ ತಮ್ಮ ಸಂಕೇತಗಳಲ್ಲಿಯೇ ಕನ್ನಡವನ್ನು ಬರೆದವು. ಅಂದು ಶ್ರಮಪಟ್ಟು ಸಿದ್ಧಪಡಿಸಿದ ಪಟ್ಟಿಗಳು ಇಂದು ತೆರೆದರೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣಬಹುದು. ಅವನ್ನು ಪರಿವರ್ತಿಸಿ, ಮೂಲದೊಡನೆ ಸಾಲು ಸಾಲಾಗಿ ತಾಳೆ ನೋಡಬೇಕು.

ಓಲೆಗರಿಗಳ ವಿಷಯವಂತೂ ಇನ್ನೂ ಸೂಕ್ಷ್ಮ. ಒಂದೇ ಕಟ್ಟಿನಲ್ಲಿ ಹಲವು ಕೃತಿಗಳಿರುವುದುಂಟು. ಕೃತಿಯ ಹೆಸರು ಅನೇಕ ವೇಳೆ ಮೊದಲಲ್ಲಿರದೆ ಕೊನೆಯಲ್ಲಿರುತ್ತದೆ. ಗರಿಗಳು ಅದಲುಬದಲಾಗಿದ್ದರೆ ಛಾಯಾಚಿತ್ರದಲ್ಲಿಯೂ ಆ ಗೊಂದಲವೇ ಉಳಿಯುತ್ತದೆ. ಚಿತ್ರ ತೆಗೆದ ಮಾತ್ರಕ್ಕೆ ಗ್ರಂಥವನ್ನು ಓದಿದಂತಾಗಲಿಲ್ಲ.

೧೮೯೧ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೫ರಲ್ಲಿ ಗುರುತಿಸಿದವರು ಆರ್. ಶಾಮಾಶಾಸ್ತ್ರಿಗಳು. ೧೯೦೯ರಲ್ಲಿ ಅದು ಅಚ್ಚಾಯಿತು. ಗರಿಯನ್ನು ಓದಿ ತಿಳಿಯಬಲ್ಲವರು ಅಲ್ಲಿದ್ದುದರಿಂದಲೇ ಅದು ಲೋಕಕ್ಕೆ ದೊರೆಯಿತು. ವಿಜಯಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಹಳಕಟ್ಟಿಯವರೂ ಓಲೆಕಟ್ಟುಗಳನ್ನು ಸಂಗ್ರಹಿಸಿ, ಓದಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು. ಅವರು ಕೇವಲ ಸಂಗ್ರಹಿಸಿ ಇಟ್ಟಿದ್ದರೆ ವಚನಗಳು ಮನೆಮನೆಗೆ ತಲುಪುತ್ತಿದ್ದವೆ?

ಯಂತ್ರವನ್ನು ನಾಳೆಯೂ ಕೊಳ್ಳಬಹುದು. ಆದರೆ ಹಳೆಯ ಬರಹವನ್ನು ಓದಬಲ್ಲ ಹಿರಿಯರು, ಯಾವ ಕಟ್ಟು ಎಲ್ಲಿಂದ ಬಂದಿತೆಂಬುದನ್ನು ನೆನಪಿನಲ್ಲಿಟ್ಟುಕೊಂಡವರು ಕಣ್ಮರೆಯಾದರೆ ಆ ಅರಿವನ್ನು ಯಾವ ಅಂಗಡಿಯಿಂದಲೂ ತರಲಾಗದು. ಹಣ ಕೂಡಿಸುವ ಸಂಘ ಸಂಸ್ಥೆಗಳು ಯಂತ್ರಕ್ಕೆ ತೆಗೆದಿಡುವಂತೆಯೇ ಸೂಚಿ ಬರೆಯುವವರ ಸಂಬಳಕ್ಕೂ ತೆಗೆದಿಡಬೇಕು.

ನಮ್ಮ ಮನೆಗಳಲ್ಲಿಯೂ ಕರ್ತವ್ಯವಿದೆ. ಜಗುಲಿಯ ಮೇಲೆ ಓಲೆಕಟ್ಟು ಇದ್ದರೆ ಪೂಜೆಯಷ್ಟಕ್ಕೇ ನಿಲ್ಲಿಸದಿರಿ. ದಾರ ಬಿಚ್ಚಿ ಗರಿಗಳ ಕ್ರಮ ಕೆಡಿಸಬೇಡಿ, ನೀರು ತಾಗಿಸಬೇಡಿ. ಶುಭ್ರವಾದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಅದು ಯಾರದು, ಯಾವ ಊರಿನಿಂದ ಬಂದುದು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಬಳಿಕ ಬಲ್ಲ ವಿದ್ವಾಂಸರಿಗೆ ತೋರಿಸಿ.

ಆ ಒಂದು ಹಾಳೆಯೇ ಮುಂದಿನ ಗ್ರಂಥಸೂಚಿಯ ಮೊದಲ ಸಾಲಾದೀತು.