ಪೋರ್ಷನ್ ಮುಗಿದರೆ ಪಾಠ ಬಂದಂತೆಯೆ?

ಸಾಫ್ಟ್‌ವೇರ್ ಕ್ಷೇತ್ರದಲ್ಲಿ 'ಕೋಡ್ ಕವರೇಜ್' ಎಂಬ ಅಳತೆಯೊಂದಿದೆ. ಬರೆದ ಸಾಲುಗಳಲ್ಲಿ ಎಷ್ಟು ಸಾಲುಗಳು ಪರೀಕ್ಷೆಯ ವೇಳೆ ಒಮ್ಮೆಯಾದರೂ ಓಡಿದವು ಎಂಬ ಶೇಕಡಾವಾರು ಲೆಕ್ಕವದು. ಶೇ. 80 ದಾಟಿದರೆ ಮೇಲಿನವರು ಸಂತುಷ್ಟರೆಂದು ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ಈ ಸಂತೋಷ ನನಗೆ ಚಿರಪರಿಚಿತ. ಶಾಲೆಗಳಲ್ಲಿಯೂ 'ಪೋರ್ಷನ್ ಮುಗಿಯಿತೆ?' ಎಂದು ಕೇಳುವವರೇ ಎಲ್ಲರೂ; 'ಮಕ್ಕಳಿಗೆ ತಿಳಿಯಿತೆ?' ಎಂದವರು ವಿರಳ.

ಸಾಲು ಓಡಿತೆಂದರೆ ಸರಿಯಾಗಿ ಓಡಿತೆಂದಲ್ಲ. ಉತ್ತರವನ್ನು ತಾಳೆ ನೋಡದ ಪರೀಕ್ಷೆಯೂ ಶೇ. 100 ಗಳಿಸಬಲ್ಲದು! ವಾಟರ್‌ಲೂ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೂ, ಪರೀಕ್ಷೆಗಳ ಸಂಖ್ಯೆಯನ್ನು ಸಮವಾಗಿಟ್ಟು ನೋಡಿದರೆ, ಕವರೇಜಿಗೂ ದೋಷ ಹಿಡಿಯುವ ಶಕ್ತಿಗೂ ಬಲವಾದ ನಂಟಿಲ್ಲವೆಂದಿತು.

'ಸಾಲು ಬೇಡ, ಕವಲು ಎಣಿಸುತ್ತೇವೆ' ಎನ್ನುವವರಿಗೆ ಒಂದು ಲೆಕ್ಕ. ಶುಲ್ಕ ಕಟ್ಟಿರಬೇಕು, ಹಾಜರಾತಿಯೂ ಇರಬೇಕು. ಆಗ ಮಾತ್ರ ಹಾಲ್ ಟಿಕೆಟ್. ಎರಡೂ ಇರುವ ಒಬ್ಬ, ಎರಡೂ ಇಲ್ಲದ ಇನ್ನೊಬ್ಬ, ಇಷ್ಟರಿಂದಲೇ ಎರಡೂ ಕವಲು ಪೂರ್ಣ. ಆದರೆ ಹಾಜರಾತಿಯ ಷರತ್ತನ್ನೇ ಅಳಿಸಿಹಾಕಿ. ಪರೀಕ್ಷೆಗಳು ಆಗಲೂ ಪಾಸು! ಶುಲ್ಕ ಕಟ್ಟಿಯೂ ತರಗತಿಗೆ ಬಾರದ ಹುಡುಗನನ್ನು ಯಾರೂ ನಿಲ್ಲಿಸಿ ನೋಡಲಿಲ್ಲ. ವಿಮಾನದ ತಂತ್ರಾಂಶಕ್ಕೆ 1992ರ ಡಿಒ-178ಬಿ ಮಾನದಂಡ ಇದನ್ನು ಒಪ್ಪಲಿಲ್ಲ. ಅತ್ಯಂತ ಅಪಾಯಕಾರಿ ದರ್ಜೆಯಲ್ಲಿ ಪ್ರತಿ ಷರತ್ತೂ ತಾನೊಂದೇ ಫಲಿತಾಂಶವನ್ನು ಬದಲಿಸಬಲ್ಲದೆಂದು ತೋರಿಸಲೇಬೇಕು. ನಮ್ಮ ಹಾಲ್ ಟಿಕೆಟ್ಟಿಗೆ ಬೇಕಾದದ್ದು ಮೂರೇ ಪರೀಕ್ಷೆ. ದುಬಾರಿಯೆ?

ಇನ್ನೂ ಕಟುವಾದ ಅಳತೆಗೋಲು 'ಮ್ಯುಟೇಶನ್ ಟೆಸ್ಟಿಂಗ್'. ಡಿಮಿಲೊ, ಲಿಪ್ಟನ್, ಸೇವರ್ಡ್ ಎಂಬ ಮೂವರು 1978ರಲ್ಲಿಯೇ ಇದರ ಬಗ್ಗೆ ಬರೆದರು. ಬೇಕೆಂದೇ ಕೋಡಿನಲ್ಲಿ ಒಂದು ತಪ್ಪು ಸೇರಿಸುವುದು, ಪರೀಕ್ಷೆ ಅದನ್ನು ಹಿಡಿಯುತ್ತದೆಯೋ ಎಂದು ನೋಡುವುದು. (ಕರಿಹಲಗೆಯ ಮೇಲೆ ತಪ್ಪು ಉತ್ತರ ಬರೆದು 'ಸರಿಯೇನ್ರೋ?' ಎಂದು ನಾನು ಕೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.) ಸಮಯ ಹಿಡಿಯುತ್ತದೆಂಬ ಆಕ್ಷೇಪ ನಿಜ, ಆದರೆ ಬದಲಾದ ಸಾಲುಗಳಿಗಷ್ಟೇ ಅನ್ವಯಿಸಿದರೆ ಹೊರೆ ಇಳಿಯುತ್ತದೆ. ಗೂಗಲ್‌ನಂಥ ದೈತ್ಯ ಸಂಸ್ಥೆಯೂ ಹಾಗೆಯೇ ಬಳಸಿದೆ.

ಬರೆಯದೇ ಬಿಟ್ಟದ್ದನ್ನು ಮಾತ್ರ ಯಾವ ಕವರೇಜೂ ಎಣಿಸದು. ಇಸವಿಯನ್ನು 4ರಿಂದ ಭಾಗಿಸಿ ಅಧಿಕ ವರ್ಷವೆನ್ನುವ ಕೋಡಿಗೆ 2023, 2024 ಕೊಟ್ಟರೆ ಸಾಲೂ ಪೂರ್ಣ, ಕವಲೂ ಪೂರ್ಣ. 1900 ಕೊಟ್ಟು ನೋಡಿ. ಶತಮಾನದ ವರ್ಷ 400ರಿಂದಲೂ ಭಾಗವಾಗಬೇಕೆಂಬ ನಿಯಮ ಆ ಕೋಡಿನಲ್ಲಿ ಇಲ್ಲವೇ ಇಲ್ಲ. ಅದಿರುವುದು ಪಂಚಾಂಗದ ಗಣಿತದಲ್ಲಿ. ಪರೀಕ್ಷೆ ಬರೆಯುವವನು ಕೋಡನ್ನು ಮುಚ್ಚಿಟ್ಟು ಮೊದಲು ಅದನ್ನು ಓದಲಿ.